ಟೇಪ್ ಹೆಸರು ಆಮೇಲೆ, ಅಂಟಬೇಕಾದ ಜಾಗ ಯಾವುದು ಅಂತ ಮೊದಲು ಹೇಳಿ

ಹಾಸನದಲ್ಲಿ ವರ್ಕ್‌ಶಾಪ್‌ಗಳಿಗೆ, ಸಣ್ಣ ಕಾರ್ಖಾನೆಗಳಿಗೆ ಟೇಪ್ ಮಾರುವುದು ನನ್ನ ಕೆಲಸ. ಬಿ.ಎಂ. ರಸ್ತೆಯ ಕೈಗಾರಿಕಾ ಪ್ರದೇಶದಿಂದ ಬರುವ ಪ್ಯಾನೆಲ್ ಮಾಡುವವರು, ಚಿಕ್ಕಮಗಳೂರು ಕಡೆಯ ಕಾಫಿಪುಡಿ ಪ್ಯಾಕ್ ಮಾಡುವವರು, ಬೋರ್ಡ್ ಕೆಲಸದ ಹುಡುಗರು, ಎಲ್ಲರ ಮೊದಲ ಮಾತು ಒಂದೇ: "ಅಕ್ಕಾ, ಚೆನ್ನಾಗಿ ಹಿಡಿಯೋ ಡಬಲ್ ಸೈಡ್ ಟೇಪ್ ಕೊಡಿ." ನಾನು ಕೇಳುವುದೂ ಒಂದೇ. "ಯಾವುದಕ್ಕೆ ಅಂಟಿಸ್ತೀರಿ?" "ಪ್ಲಾಸ್ಟಿಕ್‌ಗೆ." "ಯಾವ ಪ್ಲಾಸ್ಟಿಕ್?" ಸಾಮಾನ್ಯವಾಗಿ ಮಾತು ಅಲ್ಲಿಗೆ ನಿಲ್ಲುತ್ತದೆ.

ಚೆನ್ನಾಗಿ ಹಿಡಿಯುವ ಟೇಪ್ ಅಂತ ಒಂದು ಬೇರೆ ಜಾತಿ ಇಲ್ಲ. ಸ್ಟೀಲಿಗೆ ಬಿಡಿಸಲಾಗದ ಹಾಗೆ ಕೂರುವ ಟೇಪ್, ನೀಲಿ ಪ್ಲಾಸ್ಟಿಕ್ ಡ್ರಮ್ಮಿಗೆ ಹಾಕಿದರೆ ಸಂಜೆಗೆ ಉದುರಿ ಬಿದ್ದಿರುತ್ತದೆ. ಟೇಪ್ ಅದೇ, ಕೈ ಅದೇ. ಬದಲಾಗಿದ್ದು ಮೇಲ್ಮೈ ಮಾತ್ರ. ಅದಕ್ಕೇ ಟೇಪ್ ಆರಿಸುವ ಕೆಲಸ ಅಂಗಡಿಯಲ್ಲಿ ಅಲ್ಲ, ನಿಮ್ಮ ಶೆಡ್ಡಿನಲ್ಲಿ ಶುರುವಾಗಬೇಕು.

ಒಂದು ಹನಿ ನೀರು ಹಾಕಿ ನೋಡಿ

ಅಂಟು ಹಿಡಿಯಬೇಕಾದರೆ ಮೊದಲು ಅದು ಮೇಲ್ಮೈ ಮೇಲೆ ಹರಡಿಕೊಳ್ಳಬೇಕು. ಕೆಲವು ವಸ್ತುಗಳು ಅಂಟನ್ನು ತಮ್ಮ ಮೇಲೆ ಹರಡಲು ಬಿಡುತ್ತವೆ, ಕೆಲವು ಬಿಡುವುದಿಲ್ಲ. ಸ್ಟೀಲ್, ಅಲ್ಯೂಮಿನಿಯಂ, ಗಾಜು ಬಿಡುತ್ತವೆ. ಎಬಿಎಸ್, ಪಾಲಿಕಾರ್ಬೊನೇಟ್, ಗಟ್ಟಿ ಪಿವಿಸಿ, ನೈಲಾನ್ ಥರದ ಪ್ಲಾಸ್ಟಿಕ್‌ಗಳೂ ಪರವಾಗಿಲ್ಲ. ಪಿಪಿ ಅಂದರೆ ಪಾಲಿಪ್ರೊಪಿಲೀನ್, ಮತ್ತು ಪಾಲಿಥೀನ್ ಮಾತ್ರ ತಕರಾರು ಮಾಡುತ್ತವೆ. ತರಕಾರಿ ಕ್ರೇಟು, ನೀರಿನ ಸಿಂಟೆಕ್ಸ್, ರಾಸಾಯನಿಕ ಬರುವ ಡ್ರಮ್ಮು, ಇವೆಲ್ಲ ಹೆಚ್ಚಾಗಿ ಈ ಗುಂಪಿನವೇ. ಟೆಫ್ಲಾನ್, ಸಿಲಿಕೋನ್‌ಗಳಂತೂ ಈ ಗುಂಪಿಗಿಂತಲೂ ಕಷ್ಟ.

ಇದನ್ನು ಡೈನ್ ಅನ್ನುವ ಅಳತೆಯಲ್ಲಿ ಹೇಳುತ್ತಾರೆ, ಸಂಖ್ಯೆ ದೊಡ್ಡದಾದಷ್ಟೂ ಅಂಟು ಸುಲಭವಾಗಿ ಹರಡುತ್ತದೆ. ಸುಮಾರಾಗಿ ಎಬಿಎಸ್ 42, ಪಾಲಿಥೀನ್ 31, ಪಿಪಿ 29, ಟೆಫ್ಲಾನ್ 18. ಲೋಹಗಳದ್ದು ನೂರಾರು. ಈ ಸಂಖ್ಯೆ ಅಳೆಯಲು ಡೈನ್ ಪೆನ್ ಸಿಗುತ್ತದೆ. ಅದಿಲ್ಲದಿದ್ದರೂ ನಡೆಯುತ್ತದೆ. ಚೆನ್ನಾಗಿ ಒರೆಸಿದ ಜಾಗಕ್ಕೆ ಒಂದು ಹನಿ ನೀರು ಬಿಡಿ. ನೀರು ಹರಡಿ ತೆಳ್ಳಗೆ ಕೂತರೆ ಮಾಮೂಲಿ ಅಕ್ರಿಲಿಕ್ ಅಂಟಿನ ಟೇಪ್ ಸಾಕು. ಮಣಿಯ ಹಾಗೆ ಗುಂಡಗೆ ನಿಂತರೆ ಯೋಚನೆ ಮಾಡಬೇಕು. ಅಲ್ಲಿ ರಬ್ಬರ್ ಅಂಟಿನ ಟೇಪ್, ಅಥವಾ ಇಂಥ ಪ್ಲಾಸ್ಟಿಕ್ಕಿಗೇ ಅಂತ ಮಾಡಿದ ಮಾರ್ಪಡಿಸಿದ ಅಕ್ರಿಲಿಕ್ ಟೇಪ್ ಬೇಕು. ಇಲ್ಲದಿದ್ದರೆ ಮೊದಲು ಪ್ರೈಮರ್, ಅಂದರೆ ಅಂಟು ಹಿಡಿಯಲು ನೆರವಾಗುವ ದ್ರವ, ಸವರಬೇಕು.

ಮೋಸ ಮಾಡುವುದು ಪೌಡರ್ ಕೋಟಿಂಗ್, ಅಂದರೆ ಪುಡಿ ಬಣ್ಣ ಹೊಡೆದು ಓವನ್ನಿನಲ್ಲಿ ಬಿಸಿ ಮಾಡಿ ಕೂರಿಸಿದ ಲೇಪ. ಒಳಗಿರುವುದು ಸ್ಟೀಲ್ ಅಂತ ನಂಬಿ ಟೇಪ್ ಹಾಕುತ್ತಾರೆ. ಆದರೆ ಟೇಪ್ ಅಂಟುವುದು ಸ್ಟೀಲಿಗಲ್ಲ, ಮೇಲಿನ ಬಣ್ಣಕ್ಕೆ. ಕೆಲವು ಪೌಡರ್‌ಗಳಲ್ಲಿ ಮೇಣದಂಥ ಪದಾರ್ಥ ಸೇರಿಸಿರುತ್ತಾರೆ. ಮುಟ್ಟಿದರೆ ನುಣ್ಣಗೆ ಜಾರುತ್ತದೆ, ನೀರು ಹಾಕಿದರೆ ಮಣಿಯಾಗುತ್ತದೆ. ಬಣ್ಣದ ಕಂಪನಿ ಬದಲಾದರೆ ಟೇಪನ್ನು ಮತ್ತೆ ಪರೀಕ್ಷೆ ಮಾಡಿ. "ಹೋದ ತಿಂಗಳು ಇದೇ ಟೇಪ್ ಹಿಡಿದಿತ್ತಲ್ಲ" ಅಂತ ಬರುವವರಿಗೆ ನಾನು ಮೊದಲು ಕೇಳುವುದು ಪೌಡರ್ ಬದಲಾಯಿತಾ ಅಂತ.

ಮೂರು ಥರದ ಗಮ್

ಟೇಪಿನ ಹೆಸರುಗಳು ನೂರಾರು ಇದ್ದರೂ ಗಮ್ ಹೆಚ್ಚಾಗಿ ಮೂರೇ ಥರ.

ರಬ್ಬರ್ ಗಮ್ ಮುಟ್ಟಿದ ತಕ್ಷಣ ಹಿಡಿಯುತ್ತದೆ. ಒರಟು ರಟ್ಟು, ಜಾರುವ ಪ್ಲಾಸ್ಟಿಕ್, ಎಲ್ಲದಕ್ಕೂ ಹೊಂದಿಕೊಳ್ಳುತ್ತದೆ. ಬೆಲೆಯೂ ಕಡಿಮೆ. ಆದರೆ ಬಿಸಿ ತಡೆಯುವುದಿಲ್ಲ. 60-70 ಡಿಗ್ರಿ ದಾಟಿದರೆ ಮೆತ್ತಗಾಗಿ ಜಾರತೊಡಗುತ್ತದೆ. ಬಿಸಿಲಿಗೆ ಇಟ್ಟರೆ ಹಳದಿಯಾಗಿ ಒಣಗುತ್ತದೆ.

ಅಕ್ರಿಲಿಕ್ ಗಮ್ ನಿಧಾನ. ಮೊದಲ ಹತ್ತು ನಿಮಿಷ ನೋಡಿದವರು "ಇದೇನು, ಹಿಡಿಯೋದೇ ಇಲ್ಲ" ಅನ್ನುತ್ತಾರೆ. ದಿನ ಕಳೆದ ಹಾಗೆ ಗಟ್ಟಿಯಾಗುತ್ತದೆ. ಬಿಸಿಲು, ಮಳೆ, ವರ್ಷಗಟ್ಟಲೆ ಹೊರಗಿರುವುದು, ಇದಕ್ಕೆಲ್ಲ ಅಕ್ರಿಲಿಕ್ಕೇ ಸರಿ.

ಸಿಲಿಕೋನ್ ಗಮ್ ದುಬಾರಿ. 200 ಡಿಗ್ರಿ ಆಸುಪಾಸಿನ ಅಥವಾ ಅದನ್ನೂ ಮೀರಿದ ಬಿಸಿ ಇದ್ದರೆ ಮಾತ್ರ ತೆಗೆದುಕೊಳ್ಳಿ. ಪೇಂಟ್ ಮಾಡುವ ಜಾಗದಲ್ಲಿ ಹುಷಾರು ಬೇಕು. ಸಿಲಿಕೋನಿನ ಒಂದಿಷ್ಟು ಅಂಶ ತಗಡಿನ ಮೇಲೆ ಉಳಿದರೂ ಆಮೇಲೆ ಹೊಡೆದ ಬಣ್ಣ ಅಲ್ಲಿ ಕೂರುವುದಿಲ್ಲ, ಮೀನಿನ ಕಣ್ಣಿನಂಥ ಗುಳಿಗಳು ಬೀಳುತ್ತವೆ.

ಬಿಸಿ ಇರುವ ಕೆಲಸ

ಪೌಡರ್ ಕೋಟಿಂಗ್ ಓವನ್ ಸಾಮಾನ್ಯವಾಗಿ 180ರಿಂದ 200 ಡಿಗ್ರಿ ಇರುತ್ತದೆ. ಕಂಟ್ರೋಲ್ ಪ್ಯಾನೆಲ್‌ಗಳಲ್ಲಿ ಅರ್ಥಿಂಗ್ ಬೋಲ್ಟಿನ ಜಾಗಕ್ಕೆ ಬಣ್ಣ ಕೂರಬಾರದು, ಬರಿ ಲೋಹ ಇರಬೇಕು. ಅಲ್ಲಿ ಪೇಂಟರ್‌ಗಳು ಬಳಸುವ ಕಾಗದದ ಮಾಸ್ಕಿಂಗ್ ಟೇಪ್ ಹಾಕಿದರೆ ಓವನ್ನಿನಲ್ಲಿ ಸೀದು ಹೋಗುತ್ತದೆ, ಗಮ್ ಲೋಹದ ಮೇಲೇ ಸುಟ್ಟು ಕೂರುತ್ತದೆ. ಅದನ್ನು ಕೆರೆಯಲು ಒಬ್ಬ ಹುಡುಗನ ಅರ್ಧ ದಿನ ಹೋಗುತ್ತದೆ. ಅಲ್ಲಿಗೆ ಬೇಕಾದದ್ದು ಹಸಿರು ಪಾಲಿಯೆಸ್ಟರ್ ಟೇಪ್, ಸಿಲಿಕೋನ್ ಗಮ್ಮಿನದು. ಬೋಲ್ಟಿನ ಅಳತೆಗೆ ಕತ್ತರಿಸಿದ ದುಂಡು ಚುಕ್ಕಿಗಳಾಗಿಯೂ ಸಿಗುತ್ತದೆ. ತಗಡು ಇನ್ನೂ ಬೆಚ್ಚಗಿರುವಾಗಲೇ ತೆಗೆದರೆ ಅಂಚು ನೀಟಾಗಿ ಬರುತ್ತದೆ.

ಕಾಗದದ ಮಾಸ್ಕಿಂಗ್ ಟೇಪ್ ಕೆಟ್ಟದ್ದು ಅಂತಲ್ಲ. ಅಮೆರಿಕದ ತ್ರೀಎಂ ಕಂಪನಿಯ ರಿಚರ್ಡ್ ಡ್ರೂ 1925ರಲ್ಲಿ ಅದನ್ನು ಮಾಡಿದ್ದೇ ಕಾರಿಗೆ ಎರಡು ಬಣ್ಣ ಹೊಡೆಯುವವರಿಗೋಸ್ಕರ. ಗಾಳಿಗೆ ಒಣಗುವ ಬಣ್ಣಕ್ಕೆ ಇವತ್ತಿಗೂ ಅದೇ ಬೇಕು.

ಕಾಫಿಪುಡಿ ಪೌಚ್ ಸೀಲ್ ಮಾಡುವ ಮಿಷಿನ್ ಇರುವವರಿಗೆ ಕಂದು ಬಣ್ಣದ ಟೆಫ್ಲಾನ್ ಟೇಪ್ ಗೊತ್ತಿರುತ್ತದೆ. ಹೀಟರ್ ಪಟ್ಟಿಯ ಮೇಲೆ ಅಂಟಿಸುವುದು. ಗಾಜಿನ ನೂಲಿನ ಬಟ್ಟೆಗೆ ಟೆಫ್ಲಾನ್ ಲೇಪಿಸಿ, ಹಿಂದೆ ಸಿಲಿಕೋನ್ ಗಮ್ ಹಾಕಿರುತ್ತಾರೆ. 260 ಡಿಗ್ರಿವರೆಗೆ ತಡೆಯುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಟೆಫ್ಲಾನ್ ಟೇಪ್ ಅಂದರೆ ನಲ್ಲಿಯ ತಿರುಪಿಗೆ ಸುತ್ತುವ ಬಿಳಿ ಟೇಪ್ ಕೊಡುತ್ತಾರೆ. ಅದರಲ್ಲಿ ಗಮ್ಮೇ ಇರುವುದಿಲ್ಲ. "ಸೀಲಿಂಗ್ ಮಿಷಿನ್ನಿಗೆ, ಗಮ್ ಇರೋದು" ಅಂತ ಬಿಡಿಸಿ ಹೇಳಿ. ಈ ಟೇಪ್ ಮಧ್ಯದಲ್ಲಿ ಕಪ್ಪಾಗಿ ನೂಲು ಕಾಣತೊಡಗಿದರೆ ಬದಲಾಯಿಸಿ. ಸೀಲ್ ಸರಿಯಾಗಿ ಕೂರುತ್ತಿಲ್ಲ ಅಂತ ಹೀಟ್ ಏರಿಸುತ್ತಾ ಹೋಗುತ್ತಾರೆ. ಎಷ್ಟೋ ಸಲ ಸವೆದಿರುವುದು ಬರೀ ಟೇಪು.

ಮೋಟಾರ್ ವೈಂಡಿಂಗ್, ಸರ್ಕ್ಯೂಟ್ ಬೋರ್ಡ್ ಕೆಲಸಕ್ಕೆ ಜೇನುತುಪ್ಪದ ಬಣ್ಣದ ಪಾಲಿಇಮೈಡ್ ಟೇಪ್ ಇದೆ. ಕ್ಯಾಪ್ಟಾನ್ ಅಂದರೆ ಎಲ್ಲರಿಗೂ ಗೊತ್ತು. ವೈರಿಂಗಿನ ಪಿವಿಸಿ ಇನ್ಸುಲೇಶನ್ ಟೇಪನ್ನು ದಯವಿಟ್ಟು ಅದರ ಜಾಗಕ್ಕೆ ಬಳಸಬೇಡಿ.

ಸ್ಕ್ರೂ ಬದಲು ಟೇಪ್ ಹಾಕುವುದಾದರೆ

ಇಲ್ಲಿ ಲೆಕ್ಕ ಬೇಕು. ತಗಡಿಗೆ ತಗಡು, ಫ್ರೇಮಿಗೆ ಹಾಳೆ, ಬಾಗಿಲಿಗೆ ನೇಮ್ ಪ್ಲೇಟ್, ಹೀಗೆ ರಿವೆಟ್ ಇಲ್ಲದೆ ಕೂರಿಸಲು ಅಕ್ರಿಲಿಕ್ ಫೋಮ್ ಟೇಪ್ ಬೇಕು. ಜನ ವಿಎಚ್‌ಬಿ ಅಂತ ಕೇಳುತ್ತಾರೆ. ಅದು ತ್ರೀಎಂ ಕಂಪನಿಯ ಹೆಸರು, ಬೇರೆ ಕಂಪನಿಗಳೂ ಇಂಥ ಟೇಪ್ ಮಾಡುತ್ತವೆ. ನೋಡಲು ಇದೇ ಥರ ಇರುವ ಬಿಳಿ ಪಾಲಿಥೀನ್ ಫೋಮ್ ಟೇಪ್ ಸ್ಟೇಶನರಿ ಅಂಗಡಿಯಲ್ಲೂ ಸಿಗುತ್ತದೆ. ಅದು ಕನ್ನಡಿ, ಕೊಕ್ಕೆ ಅಂಟಿಸಲು ಸರಿ. ಅದರ ಫೋಮೇ ಹರಿದುಹೋಗುವುದರಿಂದ ತೂಕ ಹೊರುವ ಕೆಲಸಕ್ಕೆ ಬರುವುದಿಲ್ಲ. ಅಕ್ರಿಲಿಕ್ ಫೋಮಿನಲ್ಲಿ ಒಳಗಿನಿಂದ ಹೊರಗಿನವರೆಗೂ ಅಕ್ರಿಲಿಕ್ಕೇ. ಎಳೆದರೆ ಚೂಯಿಂಗ್ ಗಮ್ಮಿನ ಹಾಗೆ ಉದ್ದವಾಗುತ್ತದೆ, ಸುಲಭಕ್ಕೆ ಹರಿಯುವುದಿಲ್ಲ.

ಎಷ್ಟು ಟೇಪ್ ಬೇಕು? ಸದಾ ತೂಗಾಡುವ ತೂಕಕ್ಕೆ, ಒಂದು ಕೆಜಿಗೆ ಸುಮಾರು 60 ಚದರ ಸೆಂಟಿಮೀಟರ್ ಇಟ್ಟುಕೊಳ್ಳಿ. ಎರಡು ಕೆಜಿಯ ಫಲಕ ಅಂದರೆ 120 ಚದರ ಸೆಂಟಿಮೀಟರ್. 12 ಎಂಎಂ ಅಗಲದ ಟೇಪ್ ಆದರೆ ಒಟ್ಟು ಒಂದು ಮೀಟರ್ ಉದ್ದ. ನಾಲ್ಕು ಮೂಲೆಗೆ ನಾಲ್ಕು ತುಂಡು ಹಾಕಿ ಕೈ ತೊಳೆದುಕೊಳ್ಳುವವರಿಗೆ ಈ ಲೆಕ್ಕ ಜಾಸ್ತಿ ಅನಿಸುತ್ತದೆ. ಆದರೆ ತೂಕ ಹಗಲೂ ರಾತ್ರಿ ಜಗ್ಗುತ್ತಾ ಇರುತ್ತದೆ, ಅಲ್ವಾ? ಹೊರಗಿನ ಬೋರ್ಡಿಗಾದರೆ ಪಟ್ಟಿಗಳನ್ನು ಮೇಲಿನಿಂದ ಕೆಳಕ್ಕೆ ಹಾಕಿ. ಅಡ್ಡ ಹಾಕಿದರೆ ಅದರ ಮೇಲೆ ಮಳೆನೀರು ನಿಲ್ಲುತ್ತದೆ.

ದಪ್ಪವೂ ಮುಖ್ಯ. ಎರಡು ಮೇಲ್ಮೈಗಳನ್ನು ಜೋಡಿಸಿ ಹಿಡಿದಾಗ ಮಧ್ಯೆ ಸಂದು ಕಾಣುತ್ತದೆಯಾ ನೋಡಿ. ಆ ಸಂದಿನ ಎರಡರಷ್ಟು ದಪ್ಪದ ಟೇಪ್ ಇರಲಿ. ಇನ್ನೊಂದು ಕಾರಣ ಹಿಗ್ಗುವಿಕೆ. ಒಂದು ಮೀಟರ್ ಉದ್ದದ ಅಕ್ರಿಲಿಕ್ ಹಾಳೆ 30 ಡಿಗ್ರಿ ಬಿಸಿ ಏರಿದರೆ ಸುಮಾರು 2 ಎಂಎಂ ಹಿಗ್ಗುತ್ತದೆ. ಅದರ ಹಿಂದಿನ ಕಬ್ಬಿಣದ ಫ್ರೇಮ್ ಅರ್ಧ ಎಂಎಂ ಕೂಡ ಹಿಗ್ಗುವುದಿಲ್ಲ. ಬೆಳಗಿನ ಚಳಿಗೂ ಮಧ್ಯಾಹ್ನದ ಬಿಸಿಲಿಗೂ ನಡುವೆ ದಿನವೂ ಈ ಎಳೆದಾಟ ಇದ್ದದ್ದೇ. ಒಳ್ಳೆಯ ಅಕ್ರಿಲಿಕ್ ಫೋಮ್ ತನ್ನ ದಪ್ಪದ ಮೂರು ಪಟ್ಟಿನವರೆಗೆ ಈ ಜರುಗಾಟವನ್ನು ತಡೆದುಕೊಳ್ಳುತ್ತದೆ. ತೆಳ್ಳಗಿನ ಟಿಶ್ಯೂ ಡಬಲ್ ಸೈಡ್ ತಡೆಯುವುದಿಲ್ಲ.

ಬಲ ಯಾವ ಕಡೆಯಿಂದ ಬೀಳುತ್ತದೆ ಅನ್ನುವುದನ್ನು ತುಂಬ ಜನ ನೋಡುವುದೇ ಇಲ್ಲ. ಹಾಳೆಯನ್ನು ಕೆಳಕ್ಕೆ ಜಾರಿಸುವ ಬಲವನ್ನು ಟೇಪ್ ಚೆನ್ನಾಗಿ ತಡೆಯುತ್ತದೆ, ಏಕೆಂದರೆ ಇಡೀ ಟೇಪ್ ಒಟ್ಟಿಗೆ ಹಿಡಿದಿರುತ್ತದೆ. ಒಂದು ಮೂಲೆ ಹಿಡಿದು ಸುಲಿದರೆ ಆ ಅಂಚಿನ ಒಂದು ಗೆರೆಯಷ್ಟೇ ಬಲ ಹೊರಬೇಕು, ಬೇಗ ಸೋಲುತ್ತದೆ. ಅದಕ್ಕೆ ಫಲಕದ ಮೂಲೆಗಳನ್ನು ದುಂಡಗೆ ಮಾಡಿ, ಟೇಪನ್ನು ಅಂಚಿನವರೆಗೂ ತನ್ನಿ, ಗಾಳಿಯೋ ಉಗುರೋ ಒಳಗೆ ನುಗ್ಗಲು ಜಾಗ ಬಿಡಬೇಡಿ.

ಒಂದು ವಿಷಯದಲ್ಲಿ ನಾನು ಹಟಮಾರಿ. ಜನರ ತಲೆಯ ಮೇಲೆ ತೂಗುವ ಯಾವುದನ್ನೂ ಬರೀ ಟೇಪಿನಲ್ಲಿ ನಿಲ್ಲಿಸಲು ನಾನು ಮಾಲು ಕೊಡುವುದಿಲ್ಲ. ಕೆಳಗೆ ಒಂದು ಆಂಗಲ್ ಅಥವಾ ಎರಡು ಬೋಲ್ಟ್ ಇರಲಿ. ವ್ಯಾಪಾರ ಹೋದರೆ ಹೋಗಲಿ.

ಒರೆಸುವುದು, ಒತ್ತುವುದು, ಕಾಯುವುದು

ದುಬಾರಿ ಟೇಪ್ ತೆಗೆದುಕೊಂಡು ಬನಿಯನ್ ವೇಸ್ಟಿನಲ್ಲಿ ಒರೆಸಿ ಅಂಟಿಸುತ್ತಾರೆ. ಅದೇ ಬಟ್ಟೆಯಲ್ಲಿ ಬೆಳಗ್ಗೆ ಲೇಥ್ ಒರೆಸಿರುತ್ತಾರೆ. ಸೀಮೆಎಣ್ಣೆ, ಡೀಸೆಲ್ ಬೇಡವೇ ಬೇಡ, ಎರಡೂ ಎಣ್ಣೆಯ ಪದರ ಬಿಟ್ಟುಹೋಗುತ್ತವೆ. ಐಪಿಎ ಅಂದರೆ ಐಸೊಪ್ರೊಪೈಲ್ ಆಲ್ಕೋಹಾಲ್ ತನ್ನಿ. ಅದಕ್ಕೆ ಅಷ್ಟೇ ನೀರು ಬೆರೆಸಿ, ಹೊಸ ಬಟ್ಟೆಯಲ್ಲಿ ಒಂದೇ ದಿಕ್ಕಿಗೆ ಒರೆಸಿ. ಹಿಂದೆ ಮುಂದೆ ಉಜ್ಜಿದರೆ ಕೊಳೆ ಅಲ್ಲೇ ಹರಡುತ್ತದೆ. ಜಾಸ್ತಿ ಜಿಡ್ಡಿದ್ದರೆ ಮೊದಲು ಡಿಗ್ರೀಸರ್, ಆಮೇಲೆ ಐಪಿಎ. ತುಕ್ಕಿದ್ದರೆ ಸ್ಕಾಚ್ ಬ್ರೈಟಿನಲ್ಲಿ ಉಜ್ಜಿ, ಪುಡಿ ತೆಗೆದು, ಮತ್ತೆ ಒರೆಸಿ. ಐಪಿಎ ಬೆಂಕಿಗೆ ಹತ್ತಿಕೊಳ್ಳುತ್ತದೆ, ವೆಲ್ಡಿಂಗ್ ನಡೆಯುವ ಕಡೆ ಡಬ್ಬ ತೆರೆಯಬೇಡಿ.

ಕಾಫಿ ಕ್ಯೂರಿಂಗ್ ಮಾಡುವ ಕಡೆ ಸಮಸ್ಯೆ ಬೇರೆ. ಅಲ್ಲಿ ಬೀಜದ ಸಿಪ್ಪೆಯ ನುಣ್ಣನೆ ಹೊಟ್ಟು ಎಲ್ಲದರ ಮೇಲೂ ಕೂತಿರುತ್ತದೆ. ಒರೆಸಿ ಚಹಾ ಕುಡಿದು ಬರುವಷ್ಟರಲ್ಲಿ ಮತ್ತೆ ಕೂತಿರುತ್ತದೆ. ಒರೆಸಿದ ಮೇಲೆ ಒಣಗಿದ ಕೂಡಲೇ ಅಂಟಿಸಬೇಕು.

ಡಿಸೆಂಬರ್, ಜನವರಿಯ ಬೆಳಗ್ಗೆ ನಮ್ಮ ಕಡೆ ಕಬ್ಬಿಣ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ. ಅಂಥ ಲೋಹದ ಮೇಲೆ ಗಮ್ ಗಟ್ಟಿಯಾಗಿ, ಹರಡಿಕೊಳ್ಳುವುದಿಲ್ಲ. ಫೋಮ್ ಟೇಪಿಗೆ 21ರಿಂದ 38 ಡಿಗ್ರಿಯ ಮೇಲ್ಮೈ ಒಳ್ಳೆಯದು. ಚಳಿಗಾಲದಲ್ಲಿ ಈ ಕೆಲಸವನ್ನು ಹನ್ನೊಂದು ಗಂಟೆಯ ಮೇಲೆ ಇಟ್ಟುಕೊಳ್ಳಿ, ಇಲ್ಲವೇ ಹೀಟ್ ಗನ್ನಿನಲ್ಲಿ ಬೆಚ್ಚಗೆ ಮಾಡಿ. ಮಳೆಗಾಲದಲ್ಲಿ ತಗಡಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳ್ಳಗೆ ತೇವ ಕೂತಿರುತ್ತದೆ. ಸಕಲೇಶಪುರ, ಮೂಡಿಗೆರೆ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲೂ ಹೀಟ್ ಗನ್ನೇ ಮದ್ದು.

ಆಮೇಲೆ ಒತ್ತುವುದು. ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕೆಜಿ ಒತ್ತಡ ಬೀಳಬೇಕು. ಉದ್ದದ ಪಟ್ಟಿಗೆ ಹೆಬ್ಬೆರಳು ಸಾಲದು, ಗಟ್ಟಿ ರಬ್ಬರಿನ ಸಣ್ಣ ರೋಲರ್ ಇಟ್ಟುಕೊಳ್ಳಿ.

ಇಷ್ಟೆಲ್ಲ ಮಾಡಿ ಕಾಯದೆ ಕೆಡಿಸುವವರು ಜಾಸ್ತಿ. ಅಕ್ರಿಲಿಕ್ ಫೋಮ್ ಟೇಪ್ 20 ನಿಮಿಷಕ್ಕೆ ಸುಮಾರು ಅರ್ಧ ಬಲ, 24 ಗಂಟೆಗೆ ನೂರಕ್ಕೆ 90 ಭಾಗ, 72 ಗಂಟೆಗೆ ಪೂರ್ತಿ ಬಲ ಪಡೆಯುತ್ತದೆ. ಮಧ್ಯಾಹ್ನ ಅಂಟಿಸಿ ಸಂಜೆ ಮಂಗಳೂರಿಗೆ ಲೋಡ್ ಮಾಡಿದರೆ, ಶಿರಾಡಿ ಘಾಟಿಯ ತಿರುವುಗಳಲ್ಲಿ ಆ ಮಾಲು ಅಲುಗಾಡುವುದು ಅರ್ಧ ಬಲದ ಟೇಪಿನ ಮೇಲೆ. ಡಿಸ್ಪ್ಯಾಚ್ ತಾರೀಕಿನಿಂದ ಹಿಂದಕ್ಕೆ ಮೂರು ದಿನ ಎಣಿಸಿ ಟೇಪ್ ಕೆಲಸ ಮುಗಿಸಿ. ಅಷ್ಟು ಸಮಯ ಇಲ್ಲದಿದ್ದರೆ ಸ್ಕ್ರೂ ಹಾಕಿ, ತಪ್ಪೇನಿಲ್ಲ.

ಬಾಕ್ಸ್ ಟೇಪ್ ಬಗ್ಗೆ ಒಂದಿಷ್ಟು

ರಟ್ಟಿನ ಬಾಕ್ಸಿಗೆ ಬ್ರೌನ್ ಟೇಪ್ ಕೊಳ್ಳುವಾಗ ರೀಲಿನ ದರ ಕೇಳಿ ಮೋಸ ಹೋಗಬೇಡಿ. 48 ಎಂಎಂ ಅಗಲ, 65 ಮೀಟರ್ ಉದ್ದ ಅಂದರೆ 3.12 ಚದರ ಮೀಟರ್. ಅದೇ ಅಗಲ 50 ಮೀಟರ್ ಆದರೆ 2.4 ಚದರ ಮೀಟರ್ ಅಷ್ಟೇ. ಒಳಗಿನ ರಟ್ಟಿನ ಕೊಳವೆ ದಪ್ಪ ಇದ್ದರೆ ಎರಡು ರೀಲೂ ಹೊರಗಿಂದ ಒಂದೇ ಗಾತ್ರ ಕಾಣುತ್ತವೆ. ಮೈಕ್ರಾನ್, ಅಂದರೆ ಟೇಪಿನ ದಪ್ಪ ಕೂಡ ಕೇಳಿ. ಪ್ಲಾಸ್ಟಿಕ್ ಫಿಲ್ಮ್ ಎಷ್ಟು, ಅದರ ಮೇಲಿನ ಗಮ್ ಎಷ್ಟು ಅಂತ ಬೇರೆ ಬೇರೆ ಕೇಳಿ. ಒಟ್ಟು ದಪ್ಪ ಒಂದೇ ಇದ್ದು ಗಮ್ ಕಡಿಮೆ ಇದ್ದರೆ ಏನು ಪ್ರಯೋಜನ?

ಮರುಬಳಕೆಯ ಕಾಗದದಿಂದ ಮಾಡಿದ ರಟ್ಟಿನಲ್ಲಿ ನಾರು ಸಡಿಲ, ದೂಳು ಜಾಸ್ತಿ. ಮಳೆಗಾಲದಲ್ಲಿ ತೇವವೂ ಸೇರುತ್ತದೆ. ಅಲ್ಲಿ ರಬ್ಬರಿನ ಹಾಟ್ ಮೆಲ್ಟ್, ಅಂದರೆ ಬಿಸಿ ಮಾಡಿ ಕರಗಿಸಿ ಹಚ್ಚಿದ ಗಮ್ಮಿನ ಟೇಪ್ ತಕ್ಷಣ ಕಚ್ಚುತ್ತದೆ. ಬಾಕ್ಸ್ ತಿಂಗಳುಗಟ್ಟಲೆ ಗೋಡೌನಿನಲ್ಲಿ ಇರುವುದಾದರೆ ಅಕ್ರಿಲಿಕ್ ಒಳ್ಳೆಯದು. ಯಾವುದೇ ಆದರೂ ಟೇಪ್ ಬದಿಗಳ ಮೇಲೆ ಐದಾರು ಸೆಂಟಿಮೀಟರ್ ಇಳಿಯಲಿ, ಕೈಯಿಂದ ಒಮ್ಮೆ ಉಜ್ಜಿ. ತೂಕದ ಬಾಕ್ಸಿಗೆ ಒಂದರ ಮೇಲೊಂದು ಬ್ರೌನ್ ಟೇಪ್ ಸುತ್ತುವ ಬದಲು ಗಾಜಿನ ನೂಲಿರುವ ಫಿಲಮೆಂಟ್ ಟೇಪ್ ಒಂದು ಸುತ್ತು ಸಾಕು.

ಡೇಟಾ ಶೀಟು, ಹಳೆ ಸ್ಟಾಕು

ಕಂಪನಿಯ ಡೇಟಾ ಶೀಟಿನಲ್ಲಿ ಸುಲಿಯುವ ಬಲ ಇಷ್ಟು ಅಂತ ಕೊಟ್ಟಿರುತ್ತಾರೆ. ಆ ಸಂಖ್ಯೆ ಸಾಮಾನ್ಯವಾಗಿ ಹೊಳೆಯುವ ಶುದ್ಧ ಸ್ಟೀಲಿನ ಮೇಲೆ, ಲ್ಯಾಬಿನಲ್ಲಿ ಬಂದದ್ದು. ನಿಮ್ಮದು ಪಿಪಿ ಕ್ರೇಟ್ ಆದರೆ ಅದರ ಮೇಲೆ ನಂಬಿಕೆ ಇಡಬೇಡಿ. ಬಿಸಿಯ ಜಾಗದಲ್ಲಿ ಎರಡು ಸಂಖ್ಯೆ ಇರುತ್ತವೆ. ಒಂದು ಕೆಲವು ನಿಮಿಷ ತಡೆಯುವುದು, ಇನ್ನೊಂದು ಸದಾ ತಡೆಯುವುದು. ಮಾರುವವರು ದೊಡ್ಡ ಸಂಖ್ಯೆಯನ್ನೇ ಬಾಯಿಗೆ ತರುತ್ತಾರೆ. ನೀವು ಚಿಕ್ಕದನ್ನು ನೋಡಿ.

ರೀಲಿನ ಮೇಲೆ ತಯಾರಾದ ತಾರೀಕು ಇದೆಯಾ ನೋಡಿ. ಹೆಚ್ಚಿನ ಫೋಮ್ ಟೇಪ್‌ಗಳಿಗೆ 24 ತಿಂಗಳ ಅವಧಿ, ಅದೂ 21 ಡಿಗ್ರಿ ಆಸುಪಾಸಿನಲ್ಲಿ ಇಟ್ಟರೆ. ಶೀಟ್ ಮಾಡಿನ ಕೆಳಗೆ ಅಟ್ಟದ ಮೇಲೆ ಇಟ್ಟರೆ ಆ ಲೆಕ್ಕ ನಡೆಯುವುದಿಲ್ಲ.

ಕಿತ್ತುಬಂದ ಟೇಪನ್ನು ಎಸೆಯಬೇಡಿ

ಟೇಪ್ ಬಿಟ್ಟುಕೊಂಡರೆ ಅದನ್ನೇ ತಿರುಗಿಸಿ ನೋಡಿ, ಕಾರಣ ಅಲ್ಲೇ ಇರುತ್ತದೆ. ಗಮ್ ಪೂರ್ತಿ ಟೇಪಿನಲ್ಲೇ ಉಳಿದು ಮೇಲ್ಮೈ ನುಣ್ಣಗೆ ಖಾಲಿ ಇದ್ದರೆ, ಅಂಟೇ ಕೂತಿರಲಿಲ್ಲ. ಜಿಡ್ಡು, ಚಳಿ, ತೇವ ಅಥವಾ ಮಣಿಯಾಗುವ ಪ್ಲಾಸ್ಟಿಕ್, ಇವುಗಳಲ್ಲಿ ಒಂದು ಕಾರಣ. ಆಗ ಇನ್ನೂ ದುಬಾರಿ ಟೇಪ್ ತಂದರೂ ಅದೇ ಕಥೆ. ಗಮ್ ಮಧ್ಯದಲ್ಲೇ ಸೀಳಿ ಎರಡೂ ಕಡೆ ಉಳಿದಿದ್ದರೆ, ಅಂಟಿದ್ದು ಸರಿಯಾಗಿತ್ತು, ತೂಕವೋ ಬಿಸಿಯೋ ಜಾಸ್ತಿಯಾಯಿತು. ಅಲ್ಲಿ ಅಗಲ ಹೆಚ್ಚಿಸಿ ಅಥವಾ ಟೇಪ್ ಬದಲಾಯಿಸಿ. ಗಮ್ ಮೇಲ್ಮೈಯಲ್ಲಿ ಉಳಿದು ಫಿಲ್ಮ್ ಮಾತ್ರ ಕೈಗೆ ಬಂದರೆ ಟೇಪೇ ಹಳೆಯದು, ಇಲ್ಲವೇ ಕಳಪೆ. ಆಗ ಮಾತ್ರ ಅಂಗಡಿಯವರ ಜೊತೆ ಜಗಳ ಮಾಡಿ, ಬೇಕಾದರೆ ನನ್ನ ಜೊತೆಗೂ.

ಹೊಸ ಕೆಲಸಕ್ಕೆ ಬರುವಾಗ ಎರಡೂ ಮೇಲ್ಮೈಗಳ ಒಂದೊಂದು ತುಂಡು ತನ್ನಿ. ತೂಕ ಎಷ್ಟು, ಬಿಸಿ ಎಷ್ಟು, ಒಳಗೋ ಹೊರಗೋ, ಎಷ್ಟು ವರ್ಷ ಇರಬೇಕು, ಆಮೇಲೆ ಕೀಳಬೇಕಾ ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಒಳ್ಳೆಯ ಅಂಗಡಿಯವರು ಅರ್ಧ ಮೀಟರ್ ಸ್ಯಾಂಪಲ್ ಕತ್ತರಿಸಿ ಕೊಡುತ್ತಾರೆ. ಅಂಟಿಸಿ ಮೂರು ದಿನ ಬಿಡಿ. ಬೇಕಾದ್ದಕ್ಕಿಂತ ಎರಡು ಪಟ್ಟು ತೂಕ ನೇತುಹಾಕಿ, ಹೊರಗಿನ ಕೆಲಸ ಆದರೆ ಬಿಸಿಲಿಗೂ ಮಳೆಗೂ ಬೀಳುವ ಜಾಗದಲ್ಲಿ ಒಂದು ವಾರ ಇಟ್ಟು ನೋಡಿ. ಪೂರ್ತಿ ರೀಲಿಗೆ ಆರ್ಡರ್ ಆಮೇಲೆ ಕೊಟ್ಟರಾಯಿತು.